ಜ್ವಾಲಾಮುಖಿಯ ಮೇಲೆ ತುಮಕೂರಿನ ಬೂಟು

‘ಅಪ್ಪ, ಇಲ್ಲಿನ ಟೊಂಗರಿರೊ ಜ್ವಾಲಾಮುಖಿ ಬೆಟ್ಟ ದಾಟುವುದಕ್ಕೆ ಗೈಡ್ ಸಮೇತ ಮೂವರ ಹೆಸರು ಬರೆಸಿದ್ದೇನೆ. ಸುಮಾರು 20 ಕಿಲೋಮೀಟರ್. ನಡೆಯುತ್ತೀರಾ?’ ಎಂದು ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಮಗ ಕೇಳಿದಾಗ ನನಗೆ ನಗು ಬಂತು. ‘ದೇವರಾಯನದುರ್ಗ ಹತ್ತಿದವನಿಗೆ ಇದು ಯಾವ ಲೆಕ್ಕ?’ ಎಂದೆ. ಫೋನಿನ ಸ್ಪೀಕರ್ ಆನ್ ಆಗಿತ್ತು. ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು: ‘ದುರ್ಗ ಹತ್ತಿದ್ದು ಕಾರು. ಇವರು ಒಳಗೆ ಕೂತಿದ್ದರು.’

ಆ ಮಾತಿಗಾಗಿಯೇ ಎಂ.ಜಿ. ರಸ್ತೆಯಲ್ಲಿ ಹೊಸ ಬೂಟು ಕೊಂಡೆ. ಅಂಗಡಿಯವನು ‘ಹತ್ತು ವರ್ಷ ಯೋಚನೆ ಮಾಡಬೇಡಿ ಸಾರ್’ ಎಂದ. ದಿನಾ ಅಮಾನಿಕೆರೆಗೆ ಸುತ್ತು ಹಾಕಿದೆ. ಸುತ್ತಿನ ದಣಿವು ಕಳೆಯಲು ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಒಂದು ಭಾನುವಾರ ದುರ್ಗದ ಕೆಳಗಿನ ಭೋಗ ನರಸಿಂಹನ ಗುಡಿಯಿಂದ ಮೇಲಿನ ಯೋಗ ನರಸಿಂಹನವರೆಗೆ, ಸಣ್ಣ ಮಳೆಯಲ್ಲೇ, ನಡೆದೇ ಹತ್ತಿದೆ. ಬೂಟಿನ ತಳದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತು. ಸಾಕ್ಷಿ ಇರಲೆಂದು ಹಾಗೆಯೇ ಬಿಟ್ಟೆ.

ಆಕ್ಲೆಂಡಿನಲ್ಲಿ ಇಳಿಯುವಾಗ ನಮ್ಮ ಭಯವೆಲ್ಲ ಚಟ್ನಿಪುಡಿಯ ಮೇಲಿತ್ತು. ತಿನ್ನುವ ಪದಾರ್ಥ ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲಿ 400 ಡಾಲರ್ ದಂಡ. ಆದರೆ ಸಿಕ್ಕಿಬಿದ್ದದ್ದು ಬೂಟು. ಹೊರದೇಶದ ಮಣ್ಣಿನಲ್ಲಿ ಬೀಜ, ರೋಗಾಣು ಬಂದುಬಿಟ್ಟರೆ ತಮ್ಮ ಕಾಡಿನ ಗತಿ ಏನೆಂದು ಅವರಿಗೆ ಚಿಂತೆ. ಅಧಿಕಾರಿಣಿ ಅದನ್ನು ಒಳಗೆ ಒಯ್ದು, ದುರ್ಗದ ಮಣ್ಣನ್ನೆಲ್ಲ ಉಜ್ಜಿ ತೆಗೆದು, ಒದ್ದೆಯಾಗಿ ಹೊಳೆಯುವ ಬೂಟನ್ನು ನಗುತ್ತಾ ತಂದುಕೊಟ್ಟರು. ನನ್ನ 61 ವರ್ಷದ ಬಾಳಿನಲ್ಲಿ ಸರ್ಕಾರಿ ಅಧಿಕಾರಿಯೊಬ್ಬರು ನನ್ನ ಬೂಟು ತೊಳೆದದ್ದು ಅದೇ ಮೊದಲು. ‘ಥ್ಯಾಂಕ್ಸ್’ ಎನ್ನುವುದೋ, ಕ್ಷಮೆ ಕೇಳುವುದೋ ತಿಳಿಯದೆ ಕೈ ಮುಗಿದೆ.

ನಡಿಗೆ ಆರಂಭವಾಗುವ ಮಾಂಗಟೆಪೋಪೊ ಸುಮಾರು 1,120 ಮೀಟರ್ ಎತ್ತರದಲ್ಲಿದೆ. ನಮ್ಮ ದುರ್ಗದ ತುದಿ ಸುಮಾರು 1,200. ಅಂದರೆ ನಾನು ಏದುಸಿರು ಬಿಟ್ಟು ಮುಟ್ಟಿದ ಶಿಖರದ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಇವರು ಬಸ್ಸಿನಿಂದ ಇಳಿಯುತ್ತಾರೆ! ಈ ಲೆಕ್ಕವನ್ನು ನಾನು ಮನೆಯವಳಿಗೆ ಹೇಳಲಿಲ್ಲ, ಮಗ ಹೇಳಿದ.

ಅಲ್ಲೊಂದು ದೀಪದ ಫಲಕವಿದೆ. ಕೆಂಪು ಮಿನುಗಿದರೆ ಹಿಂದಿರುಗಬೇಕು. 2012ರ ಆಗಸ್ಟ್ 6ರ ರಾತ್ರಿ ಇದೇ ಬೆಟ್ಟದ ತೆ ಮಾರಿ ಕುಳಿ ಸಿಡಿದು, ಬಂಡೆಗಳು ಕೆಟೆಟಾಹಿ ತಂಗುಮನೆಯ ಛಾವಣಿ ತೂರಿ ಒಳಗೆ ಬಿದ್ದಿದ್ದವಂತೆ. ಗೈಡ್ ಹುಡುಗಿ ಇದನ್ನೆಲ್ಲ ನಮ್ಮೂರಿನ ಕಂಡಕ್ಟರ್ ಮುಂದಿನ ಸ್ಟಾಪು ಹೇಳುವಷ್ಟು ನಿರಾಳವಾಗಿ ಹೇಳಿದಳು. ನಾನು ಫಲಕವನ್ನು ಮೂರು ಸಲ ನೋಡಿಕೊಂಡೆ.

‘ದೆವ್ವದ ಮೆಟ್ಟಿಲು’ ಎಂಬ ಏರಿನಲ್ಲಿ ಹತ್ತು ವರ್ಷದ ಬೂಟು ಬಾಯಿ ಬಿಟ್ಟಿತು. ಬಲಗಾಲಿನದು. ಹೆಜ್ಜೆಗೊಮ್ಮೆ ಮೊಸಳೆಯಂತೆ ತೆರೆದು, ಟಪ್ಪೆಂದು ಮುಚ್ಚುತ್ತಿತ್ತು. ಗೈಡ್ ತನ್ನ ಚೀಲದಿಂದ ಬೂದುಬಣ್ಣದ ಅಗಲ ಟೇಪು ತೆಗೆದು, ಮೊಣಕಾಲೂರಿ ಕುಳಿತು, ಸುತ್ತಿದಳು, ಸುತ್ತಿದಳು, ಬ್ಯಾಂಡೇಜು ಹಾಕಿದಂತೆ. ನನ್ನ ಬೂಟಿಗೆ ಆ ದೇಶ ಮಾಡಿದ ಎರಡನೆಯ ಸೇವೆ ಅದು.

1,800 ಮೀಟರಿಗೂ ಮೇಲಿರುವ ಕೆಂಪು ಕುಳಿಯ ಅಂಚಿಗೆ ಬಂದಾಗ ಕೊಳೆತ ಮೊಟ್ಟೆಯ ವಾಸನೆ ಅಡರಿತು. ನನ್ನಾಕೆ ಮೆಲ್ಲಗೆ ನನ್ನತ್ತ ತಿರುಗಿ, ‘ರೀ, ನಿನ್ನೆ ಮೂಲಂಗಿ ಸಾಂಬಾರು ಬೇಡವೆಂದು ಹೇಳಿದ್ದೆ’ ಎಂದಳು. ಗಂಧಕದ ಅನಿಲ ಎಂದು ಗೈಡ್ ವಿವರಿಸಿದ ಮೇಲೂ ಆಕೆಯ ಸಂಶಯ ಪೂರ್ತಿ ಹೋಗಲಿಲ್ಲ. ಆದರೆ ಹಬೆಯಾಡುವ ಕಡೆ ಅಂಗೈ ಇಟ್ಟು ನೆಲ ಬೆಚ್ಚಗಿರುವುದನ್ನು ಕಂಡವಳೇ ಅಲ್ಲೇ ಕುಳಿತುಬಿಟ್ಟಳು. ಬಚ್ಚಲೊಲೆಯ ಮುಂದಿನ ಕಟ್ಟೆಯ ಹಾಗಿದೆಯಂತೆ.

ಮುಂದಿನದು ಇಳಿಜಾರು. ಬರೀ ಸಡಿಲ ಜಲ್ಲಿ. ಕೆಳಗೆ ಖನಿಜಗಳಿಂದ ಬಣ್ಣ ಪಡೆದ ಪಚ್ಚೆ ಕೊಳಗಳು ಮಿರುಗುತ್ತಿದ್ದವು. ಹಿಮ್ಮಡಿ ಊರಿ ಇಳಿಯಿರಿ ಎಂದಳು ಗೈಡ್. ನಾನು ಊರಿದೆ. ಟೇಪು ಹಾಕಿದ ಹಿಮ್ಮಡಿ ಮುಂದೆ ಹೋಯಿತು. ನಾನು ಹಿಂದೆಯೇ ಉಳಿದೆ. ಆಮೇಲೆ ಜಲ್ಲಿಯೂ ನಾನೂ ಒಟ್ಟಿಗೆ ಹೊರಟೆವು. ದಾರಿಯಲ್ಲಿ ಯಾರದೋ ಕುಟುಂಬ ಫೋಟೊಕ್ಕೆ ನಿಂತಿತ್ತು. ಅವರ ಮನೆಯ ಗೋಡೆಯ ಮೇಲೆ ಇಂದಿಗೂ ನಾನು ಕೂತ ಭಂಗಿಯಲ್ಲೇ ಇಳಿಯುತ್ತಿರಬಹುದು. ನಿಂತಾಗ ಪ್ಯಾಂಟಿನ ಹಿಂಭಾಗದಲ್ಲಿ ತಂಗಾಳಿ ಆಡಿತು. ಜರ್ಕಿನ್ನನ್ನು ಸೊಂಟಕ್ಕೆ ಕಟ್ಟಿಕೊಂಡೆ. ಚಳಿಯಲ್ಲಿ ಮಾನ ದೊಡ್ಡದೋ ಮೈ ದೊಡ್ಡದೋ ಎಂಬ ಪ್ರಶ್ನೆಗೆ ಉತ್ತರ ಅರ್ಧ ಗಂಟೆ ತಡವಾಗಿ ತಿಳಿಯುತ್ತದೆ.

ನೀಲಿ ಕೊಳದ ಬಳಿ ಪುಳಿಯೋಗರೆಯ ಡಬ್ಬಿ ತೆರೆದೆ. ಗೈಡ್ ಓಡಿಬಂದಳು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರಿಗೆ ಆ ಕೊಳ ಪವಿತ್ರ. ದಡದಲ್ಲಿ ತಿನ್ನುವಂತಿಲ್ಲ, ನೀರು ಮುಟ್ಟುವಂತಿಲ್ಲ. ‘ಅಷ್ಟೂ ತಿಳಿಯುವುದಿಲ್ಲವೇ? ಕಲ್ಯಾಣಿಯ ಮೆಟ್ಟಿಲ ಮೇಲೆ ಎಂಜಲು ಮಾಡುತ್ತೇವೆಯೇ?’ ಎಂದು ನನ್ನಾಕೆ ಗೈಡಿನ ಪಕ್ಷ ಸೇರಿದಳು. ಬಹಳ ಮುಂದೆ ಹೋಗಿ, ಒಂದು ಬಂಡೆಯ ಮರೆಯಲ್ಲಿ, ನಿಂತೇ ತಿಂದೆ. ಕೂರುವ ಸ್ಥಿತಿ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಬೂಟನ್ನು ಅಂಗಳದಲ್ಲಿ ಕೊಡವಿದೆ. ಟೇಪು ಸೀಳಿದಾಗ ಒಳಗಿನಿಂದ ಒಂದು ಹಿಡಿ ಕಪ್ಪು ಜಲ್ಲಿ ಸುರಿಯಿತು. ಇದು ಕಳ್ಳಸಾಗಣೆಯಾಯಿತಲ್ಲ, ವಾಪಸು ಕಳಿಸುವುದು ಹೇಗೆ ಎಂದು ನಾನು ಯೋಚಿಸುತ್ತಾ ನಿಂತಿರುವಾಗಲೇ ಕೆಲಸದಾಕೆ ಬಂದು, ‘ಯಾವ ಬೀದಿ ಅಲೆದು ಬಂದಿರಿ ಸಾರ್’ ಎನ್ನುತ್ತಾ ಗುಡಿಸಿ ದಾಸವಾಳದ ಬುಡಕ್ಕೆ ಹಾಕಿದಳು.