ತೋಡು ನಾರಲು ಶುರುವಾದ ಮೇಲೆ ಸಭೆ ಸೇರಿದರೆ ತಡವಾಯಿತು

ಕೊಡಗಿನಲ್ಲಿ ಪಲ್ಪಿಂಗ್ ನೀರಿನ, ಅಂದರೆ ಕಾಫಿ ಹಣ್ಣಿನ ಸಿಪ್ಪೆ-ಲೋಳೆ ಬಿಡಿಸಿ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಡುವ ಕೊಳೆ ನೀರಿನ ಗಲಾಟೆ ಕಾಫಿ ಕೊಯ್ಲಿನ ಜೊತೆಗೇ ಏಳುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಡು ತೊಳೆದುಹೋದ ಮೇಲೆ ಮರೆತುಹೋಗುತ್ತದೆ. ಇದನ್ನು ಜನರ ನಿರ್ಲಕ್ಷ್ಯ ಅನ್ನುವುದು ತಪ್ಪು. ಆ ನೀರನ್ನು ದಿನಾ ಬಳಸುವವರು ದೂರು ಕೊಡುವ ಸ್ಥಿತಿಯಲ್ಲಿಲ್ಲ. ಕೊಡಬಲ್ಲವರ ಮನೆಯಲ್ಲಿ ಬೋರ್‌ವೆಲ್ ಇದೆ.

ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಯರವ ಆದಿವಾಸಿ ಕುಟುಂಬಕ್ಕೆ ಕೂಲಿ ಕೊಡುವವರೂ ಸೂರು ಕೊಟ್ಟವರೂ ಒಬ್ಬರೇ. ಅವರ ಹೆಬ್ಬೆಟ್ಟು ದೂರಿನ ಮೇಲೆ ಬಿದ್ದರೆ ಮಾರನೇ ದಿನ ಕೆಲಸದ ಜೊತೆ ಮನೆಯೂ ಹೋಗಬಹುದು. ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರ ಹೆಸರಂತೂ ಇಲ್ಲಿನ ಮತದಾರರ ಪಟ್ಟಿಯಲ್ಲೇ ಇರುವುದಿಲ್ಲ, ಹಾಗಾಗಿ ವಾರ್ಡ್ ಸಭೆಯಲ್ಲಿ ಅವರಿಗೆ ಸ್ಥಾನವಿಲ್ಲ. ಆದ್ದರಿಂದ ದೂರಿನ ಮೊದಲ ಸಹಿ ತೋಡಿನ ಕೆಳಗಿನ ಗದ್ದೆಯವರದ್ದು, ಸ್ವಂತ ಜಾಗ ಇರುವವರದ್ದು ಆಗಬೇಕು. ಲೈನ್ ಮನೆಯವರು ನೀರಿನ ಬಣ್ಣ, ವಾಸನೆ, ಹೊತ್ತು ಹೇಳಿದರೆ ಸಾಕು, ಅವರ ಹೆಸರು ಯಾವ ಕಾಗದದಲ್ಲೂ ಬೇಡ. ಬಡವರನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆಸುವ ಹೋರಾಟವನ್ನು ನಾನು ಒಪ್ಪುವುದಿಲ್ಲ.

ಪಲ್ಪಿಂಗ್ ನೀರು ಯಾಕೆ ಕೆಡುಕು ಎಂಬುದನ್ನೂ ಸಭೆಯಲ್ಲಿ ಬಿಡಿಸಿ ಹೇಳಬೇಕು. ಹಣ್ಣಿನ ಲೋಳೆಯಲ್ಲಿ ಸಕ್ಕರೆ ಅಂಶವಿದೆ. ಅದು ಹುಳಿತಾಗ ನೀರಿನ ಪಿಹೆಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 4ರ ಆಸುಪಾಸಿಗೆ ಇಳಿಯುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ತೋಡಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನು ಸಾಯುತ್ತದೆ. ರೊಬಸ್ಟಾ ಪಲ್ಪಿಂಗ್ ಜನವರಿಯಿಂದ ಮಾರ್ಚ್‌ವರೆಗೆ, ಅಂದರೆ ತೋಡು ಸೊರಗುವ ಕಾಲದಲ್ಲೇ. ಸುಣ್ಣ ಹಾಕಿದ್ದೇವೆ ಎನ್ನುವ ಉತ್ತರ ಬಹಳ ಕಡೆ ಬರುತ್ತದೆ. ಸುಣ್ಣ ಹುಳಿಯನ್ನು ತಗ್ಗಿಸುತ್ತದೆ, ಆದರೆ ಆಮ್ಲಜನಕ ನುಂಗುವ ಕೊಳೆ ನೀರಿನಲ್ಲೇ ಕರಗಿ ಉಳಿದಿರುತ್ತದೆ. ಆ ಕೊಳೆಯ ಅಳತೆಯೇ ಬಿಒಡಿ. ಹೊಳೆ-ತೋಡಿಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಪಲ್ಪಿಂಗ್ ನೀರಿನಲ್ಲಿ ಅದು ಸಾವಿರಗಳಲ್ಲಿರುತ್ತದೆ.

ಕೆಲಸ ಅಕ್ಟೋಬರ್‌ನಲ್ಲೇ ಶುರುವಾಗಬೇಕು, ಅರೇಬಿಕಾ ಕೊಯ್ಲಿಗೂ ಮುಂಚೆ. ತೋಡಿನ ಮೇಲ್ಭಾಗದ ತೋಟದವರನ್ನು ಕರೆದು ಕೂರಿಸಿ, ಪಲ್ಪಿಂಗ್ ನೀರನ್ನು ತೋಡಿಗೆ ಬಿಡದೆ ನಿಲ್ಲಿಸುವ ಗುಂಡಿಯ ಲೆಕ್ಕ ಕೇಳಿ. ದಿನಕ್ಕೆ 10,000 ಲೀಟರ್ ನೀರು 20 ದಿನ ನಿಲ್ಲಬೇಕಾದರೆ 2 ಲಕ್ಷ ಲೀಟರ್ ಹಿಡಿಯಬೇಕು. ಅದಕ್ಕೆ 10 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳ ಬೇಕು. ಅದರ ಮೇಲೆ ಅರ್ಧ ಮೀಟರ್ ಖಾಲಿ ಬಿಡಬೇಕು, ಇಲ್ಲವಾದರೆ ಅಕಾಲಿಕ ಮಳೆಗೆ ಉಕ್ಕುತ್ತದೆ. ತಳಕ್ಕೆ ಹಾಳೆ ಹಾಸದ ಗುಂಡಿಯ ನೀರು ಇಂಗಿ ಕೆಳಗಿನ ಬಾವಿ ಸೇರಬಹುದು. ಹಣ್ಣಿನ ಸಿಪ್ಪೆಯ ರಾಶಿಯೂ ತೋಡಿನ ಅಂಚಿನಲ್ಲಿ ಇರಕೂಡದು. ಒಪ್ಪಿದ್ದನ್ನು ಬರೆಸಿ ಸಹಿ ಹಾಕಿಸಿ, ಗುಂಡಿ ಉಕ್ಕಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಸಹಿತ. ಹಣ್ಣನ್ನು ಕಣದಲ್ಲೇ ಒಣಗಿಸಿ ಚೆರಿ ಮಾಡುವ ಸಣ್ಣ ಬೆಳೆಗಾರರಿಗೆ ಈ ನೀರಿನ ರಗಳೆಯೇ ಇಲ್ಲ. ಅವರನ್ನು ಎದುರು ಹಾಕಿಕೊಂಡರೆ ಊರೇ ಎರಡು ಪಾಲಾಗುತ್ತದೆ.

ಹೆಚ್ಚು ಎಡವುವುದು ಪುರಾವೆಯಲ್ಲಿ. ಪಂಚಾಯಿತಿಯಲ್ಲಿ ಸಿಗುವ, ಕಪ್ಪಾಗುವ ಬಾಟಲಿಯ ಪರೀಕ್ಷೆ ತೋರಿಸಿ ಇದು ಕಾಫಿ ಕೊಳೆ ಎನ್ನುತ್ತಾರೆ. ಅದು ಮಲದಿಂದ ಬಂದ ಬ್ಯಾಕ್ಟೀರಿಯಾದ ಸುಳಿವು ಮಾತ್ರ, ಕಾಫಿಯದ್ದಲ್ಲ. ತೋಡಿಗೆ ಬೆಳಿಗ್ಗೆ ಬೇಗ ಹೋಗಿ, ಏಕೆಂದರೆ ಕದ್ದು ಬಿಡುವವರು ರಾತ್ರಿಯೇ ಬಿಡುತ್ತಾರೆ. ಪಲ್ಪಿಂಗ್ ನೀರು ತೋಡಿಗೆ ಸೇರುವ ಜಾಗಕ್ಕಿಂತ ಮೇಲ್ಗಡೆ, ಸೇರುವಲ್ಲಿ, ಕೆಳಗಡೆ ಹೀಗೆ ಮೂರು ಕಡೆ ಪಿಹೆಚ್ ಕಾಗದ ಅದ್ದಿ, ಹೊತ್ತು ಬರೆದು, ಜಾಗ ತೋರಿಸುವ ಫೋಟೋ ತೆಗೆಯಿರಿ. ಮೇಲಿನ ಅಳತೆ ಇಲ್ಲದಿದ್ದರೆ ನೀರು ಮೊದಲೇ ಹೀಗಿತ್ತು ಎಂದು ತಳ್ಳಿಹಾಕುತ್ತಾರೆ. ಬಿಒಡಿಗೆ ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ಐಸ್‌ನಲ್ಲಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಬೇಕು.

ಆದರೂ ನಾವು ತೆಗೆದ ನೀರಿನ ಮಾದರಿಯಿಂದ ಶಿಕ್ಷೆಯಾಗುವುದಿಲ್ಲ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ತೋಟದವರಿಗೆ ನೋಟಿಸ್ ಕೊಟ್ಟು, ಮಾದರಿ ತೆಗೆದು ಸೀಲ್ ಮಾಡಬೇಕು. ನಮ್ಮ ಅಳತೆಗಳು ಅವರನ್ನು ಸ್ಥಳಕ್ಕೆ ಎಳೆತರಲು ಇರುವ ದಾರಿ. ಬಂದಾಗ ಮಹಜರ್ ಬರೆಸಿ, ಊರವರು ಸಹಿ ಹಾಕಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಮಂಡಳಿ ತೋಟಕ್ಕೆ ಕೊಟ್ಟ ಒಪ್ಪಿಗೆ ಪತ್ರ ಮತ್ತು ತಪಾಸಣೆ ವರದಿಯ ಪ್ರತಿ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇದನ್ನು ಮೀರಿದ ಅರ್ಜಿ ವಾಪಸ್ ಬರಬಹುದು.

ಅಲ್ಲೂ ಬಗೆಹರಿಯದಿದ್ದರೆ ಪರಿಸರದ ವ್ಯಾಜ್ಯ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ಗಡುವು 6 ತಿಂಗಳು. ಜನವರಿಯ ಘಟನೆಗೆ ಅದು ಮುಗಿಯುವುದು ಜುಲೈನ ಜಡಿಮಳೆಯಲ್ಲಿ, ಊರಿನವರೆಲ್ಲ ನಾಟಿ ಕೆಲಸದಲ್ಲಿ ಮುಳುಗಿರುವಾಗ. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ ಸಿಗಬಹುದು, ಅದರಾಚೆ ಇಲ್ಲ. ಹಾಗಾಗಿ ಕಾಗದಗಳನ್ನೆಲ್ಲ ಏಪ್ರಿಲ್‌ನಲ್ಲೇ ಒಂದು ಫೈಲಿಗೆ ಸೇರಿಸಿಡಿ.