ಕಸ ಎಂದರೆ ಕೊಡೆ

ಜಪಾನಿಗೆ ಬಂದ ಎರಡನೆಯ ವಾರ ನಾನು ಕೊಡೆ ಇಡುವ ಪಿಂಗಾಣಿ ಪಾತ್ರೆಯಲ್ಲಿ ಕಸದ ಚೀಲ ಇಟ್ಟೆ. ತಪ್ಪಿನಲ್ಲಿ ಅರ್ಧ ನನ್ನದು, ಇನ್ನರ್ಧ ಎರಡು ಭಾಷೆಗಳದ್ದು.

ಟೋಕಿಯೊದ ಪಶ್ಚಿಮದ ಅಂಚಿನಲ್ಲಿ, ಎರಡು ಮಹಡಿಯ ಹಳೆಯ ಮರದ ಕಟ್ಟಡದಲ್ಲಿ ನನ್ನ ಬಿಡಾರ. ಕೆಳಗೆ ಮನೆಯೊಡತಿ, ಆಗಲೇ ಎಪ್ಪತ್ತು ದಾಟಿದ ಹೆಂಗಸು. ಕಸ ಎಲ್ಲಿ ಹಾಕಬೇಕು ಎಂದು ಅವರನ್ನು ಕೇಳಲು ಹಿಂದಿನ ರಾತ್ರಿಯೇ ವಾಕ್ಯ ಕಟ್ಟಿ, ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡಿದ್ದೆ. ಜಪಾನಿಯಲ್ಲಿ ಕಸಕ್ಕೆ ‘ಗೋಮಿ’ ಎನ್ನುತ್ತಾರೆ ಎಂಬುದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಬಾಗಿಲು ತೆಗೆದ ಅವರು ಸೊಂಟ ಬಗ್ಗಿಸಿ ನಮಸ್ಕರಿಸಿದ ಕೂಡಲೇ ನನ್ನ ತಲೆಯಲ್ಲಿ ಸಾಲಾಗಿ ನಿಂತಿದ್ದ ಪದಗಳೆಲ್ಲ ಸಂತೆಗೆ ಬಂದ ದನಗಳಂತೆ ಚದುರಿದವು. ಕ್ಷಮೆ ಕೇಳುವ ಮಾತು ಸರಿಯಾಗಿಯೇ ಬಂತು. ಕ್ರಿಯಾಪದವಂತೂ ಪಠ್ಯಪುಸ್ತಕದಿಂದ ಆಗಷ್ಟೇ ಇಳಿದು ಬಂದಂತಿತ್ತು. ನಾಮಪದ ಮಾತ್ರ ನಮ್ಮೂರು ಸಾಗರದಿಂದ ಬಂತು: “ಸುಮಿಮಾಸೆನ್, ಕಸ ವಾ ದೋಕೋ ನಿ ಒಕೆಬಾ ಈ ದೆಶೋ ಕಾ?”

ಜಪಾನಿಯಲ್ಲಿ ‘ಕಸ’ ಎಂದರೆ ಕೊಡೆ.

ಅವರು ನಗುನಗುತ್ತಾ ಬಾಗಿಲ ಪಕ್ಕದ ಪಾತ್ರೆಯನ್ನು ಎರಡೂ ಕೈ ಚಾಚಿ ತೋರಿಸಿದರು. ಮೊಣಕಾಲೆತ್ತರದ ಬಿಳಿ ಪಿಂಗಾಣಿ, ಮೇಲೆ ನೀಲಿ ಹೂವಿನ ಚಿತ್ತಾರ. ಕಸಕ್ಕೇ ಇಂಥ ಪಾತ್ರೆಯಾದರೆ ಇವರ ಊಟದ ತಟ್ಟೆ ಹೇಗಿರಬೇಡ ಎಂದು ಮನಸ್ಸಿನಲ್ಲೇ ಆ ದೇಶಕ್ಕೆ ಕೈ ಮುಗಿದು, ಬದನೆಕಾಯಿ ತೊಟ್ಟು, ಈರುಳ್ಳಿ ಸಿಪ್ಪೆ, ಸೋಸಿದ ಚಹಾ ಚರಟ ತುಂಬಿದ ಚೀಲವನ್ನು ಅದರೊಳಗೆ ಇಳಿಸಿದೆ.

ಮರುದಿನ ಬೆಳಿಗ್ಗೆ ಚೀಲ ನನ್ನ ಬಾಗಿಲಲ್ಲಿ ಕುಳಿತಿತ್ತು. ಅದಕ್ಕೆ ಇನ್ನೊಂದು ಚೀಲದ ಹೊದಿಕೆ, ಬಾಯಿಗೆ ಮದುವೆಯ ಉಡುಗೊರೆಗೆ ಕಟ್ಟುವಂಥ ಗಂಟು. ಜೊತೆಗೆ ನಗರಾಡಳಿತದವರು ಹಂಚುವ ಕಸದ ಕ್ಯಾಲೆಂಡರ್ ಮತ್ತು ಒಂದು ಚೀಟಿ. ಜಪಾನಿನಲ್ಲಿ ನಾನು ಮಾಡಿದ ಮೊದಲ ಅನುವಾದ ಆ ಚೀಟಿಯದು. ಮೂರು ವಾಕ್ಯಕ್ಕೆ ಇಡೀ ಸಂಜೆ ನಿಘಂಟು ತಿರುವಿದೆ: “ಮಳೆಗಾಲ ಹತ್ತಿರವಾಗುತ್ತಿದೆ. ಕೊಡೆಗಳಿಗೆ ಜಾಗ ಸಾಲದೆ ಹೋಗಬಹುದೇನೋ ಎಂದು ಅನ್ನಿಸಿತು. ನಾನು ಮೊದಲೇ ಸರಿಯಾಗಿ ವಿವರಿಸದೆ ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿ.”

ಇದೇ ಮಾತನ್ನು ನಮ್ಮ ಅಜ್ಜಿ ಹೇಳಿದ್ದರೆ, “ಕಣ್ಣೇನು ಅಡವಿಟ್ಟಿದ್ದೀಯೇನೇ?” ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದಳು. ಈಗ ಹೇಳಿ, ಚೀಟಿಯ ಸರಿಯಾದ ಅನುವಾದ ಯಾವುದು? ನಾನು ಬರೆದ ಮೂರು ವಾಕ್ಯವೋ, ಅಜ್ಜಿಯ ಒಂದು ವಾಕ್ಯವೋ? ಹದಿಮೂರು ವರ್ಷದಿಂದ ಈ ಪ್ರಶ್ನೆಯ ಮೇಲೆಯೇ ನನ್ನ ಅಕ್ಕಿಬೇಳೆ ನಡೆಯುತ್ತಿದೆ.

ಕಸದ ಕ್ಯಾಲೆಂಡರ್ ಬೇರೆಯದೇ ವ್ಯಾಕರಣ. ಉರಿಯುವ ಕಸಕ್ಕೆ ಒಂದು ದಿನ, ಉರಿಯದ್ದಕ್ಕೆ ಇನ್ನೊಂದು. ಪ್ಲಾಸ್ಟಿಕ್ ಬಾಟಲಿಯನ್ನು ತೊಳೆದು, ಮುಚ್ಚಳ ತೆಗೆದು, ಮೈಮೇಲಿನ ಕಾಗದ ಸುಲಿದು ಬೇರೆ ಇಡಬೇಕು. ಹಳೆಯ ಕುರ್ಚಿಯನ್ನು ಬಿಸಾಡಬೇಕಾದರೆ ಮುಂಚೆಯೇ ಸಮಯ ಗೊತ್ತುಮಾಡಿಕೊಂಡು, ದುಡ್ಡು ಕೊಟ್ಟು ಚೀಟಿ ಕೊಂಡು ಅದಕ್ಕೆ ಅಂಟಿಸಬೇಕು. ಶಿಕೋಕು ದ್ವೀಪದ ಕಾಮಿಕತ್ಸು ಎಂಬ ಊರಿನವರು 2003ರಲ್ಲಿ ಶೂನ್ಯ ಕಸದ ಸಂಕಲ್ಪ ಮಾಡಿ, ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುವ ಮಟ್ಟಕ್ಕೆ ಹೋಗಿದ್ದಾರೆ. ನಮಗೆ ವಿಭಕ್ತಿಗಳೇ ಏಳು, ಅವನ್ನೂ ಪರೀಕ್ಷೆ ಮುಗಿದ ಮೇಲೆ ಮರೆತೆವು.

ವ್ಯಾಕರಣ ಎಂದೆನಲ್ಲ, ನನ್ನನ್ನು ಹಾಳು ಮಾಡಿದ್ದೇ ಅದು. ಬೆಂಗಳೂರಿನಲ್ಲಿ ಜಪಾನಿ ಕಲಿತು, ಬಿಡದಿಯ ಕಡೆ ಒಂದು ಕಾರ್ಖಾನೆಯಲ್ಲಿ ದುಭಾಷಿಯಾಗಿ ಸೇರಿದಾಗ ನನಗೆ ಕೊಂಬು ಬಂದಿತ್ತು. ಇಂಗ್ಲಿಷಿಗೆ ಅನುವಾದಿಸುವ ಗೆಳತಿಯರು ಜಪಾನಿ ವಾಕ್ಯದ ಬಾಲದಲ್ಲಿರುವ ಕ್ರಿಯಾಪದಕ್ಕಾಗಿ ಬಸ್ಸು ಕಾಯುವವರಂತೆ ಕತ್ತು ಚಾಚಿ ನಿಲ್ಲುತ್ತಿದ್ದರು. ನನಗೇನು? ಕನ್ನಡದಲ್ಲೂ ಕ್ರಿಯಾಪದ ಬಾಲದಲ್ಲೇ ಇದೆ. ‘ತಾಬೆತೆ ಮಿರು’ ಎಂದರೆ ತಿಂದು ನೋಡು, ಇಲ್ಲಿ ನೋಡುವುದಕ್ಕೂ ಕಣ್ಣಿಗೂ ಸಂಬಂಧವಿಲ್ಲ ಎಂಬುದು ಎರಡೂ ಭಾಷೆಗೆ ಗೊತ್ತು. ‘ವಾಸುರೆತೆ ಶಿಮತ್ತಾ’ ಎಂದರೆ ಮರೆತುಬಿಟ್ಟೆ, ಆ ‘ಬಿಟ್ಟೆ’ಯ ಪಶ್ಚಾತ್ತಾಪವೂ ಸೇರಿ. ಮನೆಯಿಂದ ಹೊರಡುವಾಗ ಜಪಾನಿಗಳು ‘ಇತ್ತೆ ಕಿಮಾಸು’ ಎನ್ನುತ್ತಾರೆ: ಹೋಗಿ ಬರುತ್ತೇನೆ. ಬರಿದೇ ‘ಹೋಗುತ್ತೇನೆ’ ಎಂದರೆ ಬೈಸಿಕೊಳ್ಳುವ ಮನೆಯಲ್ಲಿ ಬೆಳೆದವಳಿಗೆ ಇದಕ್ಕಿಂತ ಇನ್ನೇನು ಬೇಕು? ಇರುವುದಕ್ಕೆ ಅವರೂ ‘ಇರು’ ಎನ್ನುತ್ತಾರೆ, ಬೂಟು ಹಾಕುವುದಕ್ಕೆ ‘ಹಾಕು’ ಎನ್ನುತ್ತಾರೆ. ವ್ಯಾಕರಣ ಒಂದೇ ಆದಮೇಲೆ ಮನಸ್ಸೂ ಒಂದೇ ಇರಬೇಕೆಂದು ತೀರ್ಮಾನಿಸಿದೆ.

ಹೀಗೆ ಹತ್ತಿರದ ನೆಂಟರಂತೆ ಕಾಣುವ ಪದಗಳೇ ಆಮೇಲೆ ಒಂದೊಂದಾಗಿ ಕೈಕೊಟ್ಟವು. ಮೊದಲ ಶರತ್ಕಾಲದಲ್ಲಿ ಮನೆಯೊಡತಿ ಪ್ರೀತಿಯಿಂದ ‘ಕುರಿ ಗೋಹಾನ್’ ಮಾಡಿ ಕರೆದರು. ಗೋಹಾನ್ ಎಂದರೆ ಅನ್ನ. ನಾನು ಸಸ್ಯಾಹಾರಿ, ಕುರಿಯನ್ನು ತಿನ್ನುವುದಿಲ್ಲ ಎಂದು ತಟ್ಟೆಯನ್ನು ವಿನಯದಿಂದ ಆಚೆ ಸರಿಸಿ, ಪಕ್ಕದಲ್ಲಿದ್ದ ಮಿಸೋ ಸಾರನ್ನು ಎರಡು ಬಟ್ಟಲು ಕುಡಿದೆ. ಜಪಾನಿಯ ಕುರಿ ಒಂದು ಕಾಯಿ, ನಮ್ಮ ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ ಚೆಸ್ಟ್‌ನಟ್. ಎರಡು ಬಟ್ಟಲು ಕುಡಿದ ಆ ಸಾರಿನ ರುಚಿ ಬಂದಿದ್ದು ಒಣಗಿಸಿ ಕೆತ್ತಿದ ಮೀನಿನಿಂದ. ಇನ್ನೊಮ್ಮೆ, ಊರಿನಿಂದ ವಿಡಿಯೋ ಕರೆ ಮಾಡಿದ್ದ ಅಕ್ಕನನ್ನು ಅವರಿಗೆ ತೋರಿಸಿ “ಇವಳು ನನ್ನ ಅನೆ” ಎಂದು ಪರಿಚಯಿಸಿದೆ. ಜಪಾನಿಯಲ್ಲಿ ‘ಅನೆ’ ಎಂದರೆ ಅಕ್ಕ. ಹೆರಿಗೆಯಾಗಿ ಮೂರು ತಿಂಗಳಾಗಿದ್ದ ನಮ್ಮ ಅಕ್ಕ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡಳು.

ಇವೆಲ್ಲ ಪದಗಳ ಅಪಘಾತ, ಪ್ಲಾಸ್ಟರ್ ಹಾಕಿದರೆ ವಾಸಿಯಾಗುತ್ತದೆ. ನಿಜವಾದ ಏಟು ಬಿದ್ದಿದ್ದು ನಗೋಯಾದಲ್ಲಿ. ಪೀಣ್ಯದ ಸಣ್ಣ ಉದ್ಯಮಿಯೊಬ್ಬರು ತಾವು ತಯಾರಿಸುವ ಬಿಡಿಭಾಗಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಿದ್ದರು, ನಾನು ಅವರ ದುಭಾಷಿ. ಎದುರಿಗೆ ನಾಲ್ವರು ಜಪಾನಿಗಳು. ಬಿಡಿಭಾಗಗಳನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ ನೋಡಿದರು. ಹಿರಿಯರು ಹಲ್ಲಿನ ಸಂದಿಯಿಂದ ‘ಸ್ಸ್…’ ಎಂದು ಗಾಳಿ ಎಳೆದುಕೊಂಡರು, ಥೇಟು ಮೆಣಸಿನಕಾಯಿ ಕಚ್ಚಿದವರ ಹಾಗೆ. ಆಮೇಲೆ ಹೇಳಿದರು: “ಮಾಎಮುಕಿ ನಿ ಕೆಂತೋ ಶಿಮಾಸು.” ನಾನು ಒಂದಕ್ಷರ ಬಿಡದೆ ಅನುವಾದಿಸಿದೆ: “ಸಕಾರಾತ್ಮಕವಾಗಿ ಪರಿಶೀಲಿಸುತ್ತೇವೆ ಎನ್ನುತ್ತಿದ್ದಾರೆ.”

ಉದ್ಯಮಿ ಅಂದೇ ರಾತ್ರಿ ಪೀಣ್ಯಕ್ಕೆ ಫೋನ್ ಮಾಡಿ ಎಲ್ಲ ಕೆಲಸಗಾರರಿಗೆ ಮೈಸೂರು ಪಾಕು ಹಂಚಿಸಿದರು.

ಪರಿಶೀಲನೆ ಇನ್ನೂ ನಡೆಯುತ್ತಿದೆ. “ಏನಮ್ಮಾ, ಎಲ್ಲಿಗೆ ಬಂತು ಪರಿಶೀಲನೆ?” ಎಂದು ಅವರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೇಳಿದರು. ನಾನು ಅನುವಾದಿಸಿದ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಅನುವಾದಿಸದೆ ಬಿಟ್ಟ ‘ಸ್ಸ್’ನಲ್ಲಿ ಇಡೀ ಉತ್ತರವಿತ್ತು. ಈ ವೃತ್ತಿಯಲ್ಲಿರುವವರು ಇಂಥ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಸಮಾಧಾನಪಡುವ ಕಥೆಯೊಂದಿದೆ. 1969ರಲ್ಲಿ ಪ್ರಧಾನಿ ಸಾತೋ ಐಸಾಕು ಅವರು ಅಮೆರಿಕದ ಅಧ್ಯಕ್ಷ ನಿಕ್ಸನ್ ಮುಂದೆ ಜವಳಿ ರಫ್ತಿನ ವಿಚಾರದಲ್ಲಿ ‘ಜೆನ್ಶೋ ಶಿಮಾಸು’ ಎಂದರಂತೆ, ಅಂದರೆ ತಕ್ಕದ್ದನ್ನು ಮಾಡುತ್ತೇನೆ. ಜಪಾನಿನಲ್ಲಿ ಅದು ‘ನೋಡೋಣ’ ಎಂಬುದರ ದೂರದ ತಮ್ಮ. ಅಮೆರಿಕದವರ ಕಿವಿಗೆ ಅದು ಭಾಷೆ ಕೊಟ್ಟಂತೆ ಕೇಳಿಸಿತಂತೆ. ನನ್ನಿಂದ ಬರೀ ನಾಲ್ಕು ಕಿಲೋ ಮೈಸೂರು ಪಾಕು ನಷ್ಟವಾಯಿತು ಎಂದುಕೊಂಡೆ.

ಅಲ್ಲಿಂದ ಮುಂದೆ ನಾನು ಮಾತಾಡುವ ಅನುವಾದ ಕಡಿಮೆ ಮಾಡಿ ಬರೆಯುವ ಅನುವಾದಕ್ಕೆ ಇಳಿದೆ. ಹೊಟ್ಟೆಗೆ ಅಕ್ಕಿ ಬೇಯಿಸುವ ಯಂತ್ರಗಳ ಕೈಪಿಡಿ, ಮನಸ್ಸಿಗೆ ಕತೆಗಳು. ಇಲ್ಲಿ ಹಸ್ತಪ್ರತಿಯನ್ನು ಅಳೆಯುವುದು 400 ಅಕ್ಷರಗಳ ಚೌಕುಳಿ ಹಾಳೆಯ ಲೆಕ್ಕದಲ್ಲಿ, ಒಂದು ಮನೆಗೆ ಒಂದು ಅಕ್ಷರ. ಮಾತು ಅರ್ಧಕ್ಕೆ ನಿಂತಾಗ ಹಾಕುವ ಚುಕ್ಕಿಗಳ ಸಾಲಿಗೆ ಮಾತ್ರ ಎರಡು ಮನೆ. ಯಾರೋ ತಿಳಿದವರೇ ಮಾಡಿದ ನಿಯಮ. ನಗೋಯಾದ ಆ ‘ಸ್ಸ್…’ ಕಾಗದದ ಮೇಲಿದ್ದಿದ್ದರೆ ನನಗೆ ದುಡ್ಡಾದರೂ ಬರುತ್ತಿತ್ತು.

ಬರೆಯುವ ಅನುವಾದದಲ್ಲಿ ಸುಖವೂ ಇದೆ. ಜಪಾನಿಯಲ್ಲಿ ಮೌನಕ್ಕೂ ಒಂದು ಸದ್ದಿದೆ: ‘ಶೀನ್’. ಎಲ್ಲರೂ ಎದ್ದುಹೋದ ಕೋಣೆ ‘ಶೀನ್’ ಎನ್ನುತ್ತದೆ. ಇಂಗ್ಲಿಷಿಗೆ ತರುವವರು ಇದರ ಮುಂದೆ ಕುಳಿತು ಪೆನ್ನು ಕಚ್ಚುತ್ತಾರೆ. ನನಗೆ ಅರೆಕ್ಷಣ ಸಾಕಾಯಿತು. ಮದುವೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ನಮ್ಮ ಮನೆ ಏನೆನ್ನುತ್ತಿತ್ತು? ‘ಬಿಕೋ’ ಎನ್ನುತ್ತಿತ್ತು. ಅವತ್ತು ಒಬ್ಬಳೇ ಎದ್ದು ಕೋಣೆಯಲ್ಲಿ ಎರಡು ಸುತ್ತು ಕುಣಿದೆ. ಕೆಳಗಿನಿಂದ ಚೀಟಿ ಬಂತು: ಹಳೆಯ ಕಟ್ಟಡ, ಮರ ಬಹಳ ಸೂಕ್ಷ್ಮ, ಮೊದಲೇ ಹೇಳದಿದ್ದಕ್ಕೆ ಕ್ಷಮಿಸಿ.

ಗಡುವು ಮೀರಿದ ಲೇಖಕರನ್ನು ಹೋಟೆಲಿನಲ್ಲಿ ಕೂಡಿಹಾಕಿ ಬರೆಸುವ ಪದ್ಧತಿಗೆ ಇಲ್ಲಿ ‘ಕಾನ್‌ಜುಮೆ’ ಎಂಬ ಹೆಸರೇ ಇದೆ, ಅಂದರೆ ಡಬ್ಬಿಗೆ ತುಂಬುವುದು. ಟೋಕಿಯೊದ ಸುರುಗದಾಯಿ ದಿಬ್ಬದ ಮೇಲೆ 1954ರಲ್ಲಿ ತೆರೆದ ಸಣ್ಣ ಹೋಟೆಲೊಂದು ಹೀಗೆ ಡಬ್ಬಿಯಾದ ದೊಡ್ಡ ಲೇಖಕರಿಂದಲೇ ಹೆಸರಾಗಿತ್ತು. 2024ರ ಫೆಬ್ರವರಿಯಲ್ಲಿ ಅದು ಬಾಗಿಲು ಮುಚ್ಚಿತು. ಅನುವಾದಕರಿಗೆ ಆ ಭಾಗ್ಯ ಯಾವತ್ತೂ ಇರಲಿಲ್ಲ. ನಮಗೆ ಬರುವುದು ಸಂಪಾದಕರ ಇಮೇಲ್: “ಪ್ಲಮ್ ಮರ ಹೂ ಬಿಡಲು ತೊಡಗಿದೆ. ನಿಮ್ಮ ಆರೋಗ್ಯ ಹೇಗಿದೆ?” ಕೆಲಸದ ಸುದ್ದಿಯೇ ಇಲ್ಲ. ಮೊದಲ ವರ್ಷ ನಾನು ಕರಗಿಹೋಗಿ ನಮ್ಮೂರಿನ ಮಾವಿನ ಹೂವಿನ ಬಗ್ಗೆ ಒಂದು ಪುಟ ಉತ್ತರ ಬರೆದೆ. ಈಗ ಪ್ಲಮ್ ಎಂದ ಕೂಡಲೇ ರಾತ್ರಿಯಿಡೀ ಕುಳಿತು ಅಧ್ಯಾಯ ಮುಗಿಸುತ್ತೇನೆ.

ತೀರಾ ಬೇಸರವಾದಾಗ ನಾನು ನೆನೆಯುವುದು ಲಾಫ್ಕಾಡಿಯೊ ಹರ್ನ್‌ನನ್ನು. ಗ್ರೀಸಿನ ದ್ವೀಪದಲ್ಲಿ ಹುಟ್ಟಿದ ಈ ಒಕ್ಕಣ್ಣಿನ ಪತ್ರಕರ್ತ 1890ರಲ್ಲಿ ಜಪಾನಿಗೆ ಬಂದ, ಮತ್ಸುಎಯಲ್ಲಿ ಮೇಷ್ಟರಾದ, ಕೊಯಿಜುಮಿ ಸೆತ್ಸುವನ್ನು ಮದುವೆಯಾದ, 1896ರಲ್ಲಿ ಕೊಯಿಜುಮಿ ಯಾಕುಮೊ ಎಂಬ ಹೆಸರಿನಲ್ಲಿ ಜಪಾನಿನ ಪ್ರಜೆಯೇ ಆದ. ಜಪಾನಿನ ದೆವ್ವದ ಕತೆಗಳನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟವನು ಅವನೇ. ತಮಾಷೆಯೆಂದರೆ ಜಪಾನಿ ಪುಸ್ತಕವನ್ನು ಸರಾಗವಾಗಿ ಓದಲು ಅವನಿಗೆ ಬರುತ್ತಿರಲಿಲ್ಲ. ಸೆತ್ಸು ಹುಡುಕಿ ಓದಿ, ರಾತ್ರಿ ದೀಪ ಸಣ್ಣದು ಮಾಡಿ ಹೇಳಬೇಕು. ಅದೂ ಪುಸ್ತಕ ನೋಡಿಕೊಂಡು ಹೇಳಕೂಡದು, ಅವಳದೇ ಮಾತಿನಲ್ಲಿ ಹೇಳಬೇಕು ಎಂದು ಅವನ ಹಟ. ಗಂಡ ಹೆಂಡತಿ ಆಡುತ್ತಿದ್ದದ್ದು ವಿಭಕ್ತಿಯಿಲ್ಲದ, ಕ್ರಿಯಾಪದದ ರೂಪ ಬದಲಾಗದ ಒಂದು ಮುರುಕು ಜಪಾನಿ. ಮನೆಯವರು ಅದಕ್ಕೆ ‘ಹೆರುನ್ ಸಾನ್ ಮಾತು’ ಎಂದೇ ಹೆಸರಿಟ್ಟಿದ್ದರು. ಕನ್ನಡದಲ್ಲಾದರೆ “ನಾನು ಬಾವಿ ದೆವ್ವ ನೋಡು ಹೆದರು” ಎಂಬ ಹಾಗೆ. ಆ ಭಾಷೆಯಿಂದ ಅಷ್ಟು ಹೆಸರು ಸಂಪಾದಿಸಿದ! ನಾನು ಜಪಾನಿ ಪರೀಕ್ಷೆಯ ಅತಿ ಮೇಲಿನ ಹಂತ ಪಾಸು ಮಾಡಿಕೊಂಡು ಅನ್ನದ ಯಂತ್ರದ ಆವಿ ರಂಧ್ರವನ್ನು ವರ್ಣಿಸುತ್ತಿದ್ದೇನೆ.

ಇರಲಿ. ಈಚೆಗೆ ಬಂದಿರುವ ಕಾಯಿಲೆ ತದ್ವಿರುದ್ಧದ್ದು, ನನ್ನ ಕನ್ನಡವೇ ಜಪಾನಿಯಾಗಿದೆ. ಫೋನಿನಲ್ಲಿ ಅಮ್ಮನೊಂದಿಗೆ ಮಾತಾಡುತ್ತಾ ಗೋಡೆಗೆ ನಮಸ್ಕರಿಸುತ್ತೇನೆ. ಹೋದ ವರ್ಷ ಊರಿಗೆ ಹೋದಾಗ ಚಿಕ್ಕಮ್ಮನ ಮಗಳ ಮದುವೆ. ಪಂಕ್ತಿಯಲ್ಲಿ ಎರಡು ಹೋಳಿಗೆ ಮುಗಿಸಿ ಉಸಿರು ಬಿಡುತ್ತಿರುವಾಗ ಚಿಕ್ಕಮ್ಮ ಬುಟ್ಟಿ ಹಿಡಿದು ಎದುರಿಗೆ ನಿಂತರು. ಜಪಾನಿನಲ್ಲಿ ಇಂಥ ಹೊತ್ತಿಗೆ ‘ಚೊತ್ತೋ…’ ಎಂದು ಎಳೆದು ಬಿಟ್ಟರೆ ಸಾಕು. ‘ಸ್ವಲ್ಪ…’ ಎಂದರ್ಥ. ‘ಸ್ವಲ್ಪ ಕಷ್ಟ, ಸಾಧ್ಯವಿಲ್ಲ, ದಯವಿಟ್ಟು ಬಿಟ್ಟುಬಿಡಿ’ ಎಂಬುದೆಲ್ಲ ಆ ಚುಕ್ಕಿಗಳಲ್ಲಿ ಕುಳಿತಿರುತ್ತದೆ. ನಾನು ತಲೆ ಓರೆ ಮಾಡಿ, ಹುಬ್ಬು ಕೂಡಿಸಿ, “ಸ್ವಲ್ಪ…” ಎಂದೆ.

“ಸ್ವಲ್ಪ ಯಾಕೆ ಕೂಸೇ, ಸಂಕೋಚವೇ?” ಎಂದು ಎರಡು ಹೋಳಿಗೆ ಬಿದ್ದವು. ಗಾಬರಿಯಲ್ಲಿ ಹಲ್ಲಿನ ಸಂದಿಯಿಂದ ‘ಸ್ಸ್…’ ಎಂದು ಗಾಳಿ ಎಳೆದುಕೊಂಡೆ. ಪಾಪ, ಬಾಯಲ್ಲಿ ನೀರೂರುತ್ತಿದೆ ಎಂದು ಪಕ್ಕದವರು ತುಪ್ಪದವನನ್ನು ಕೂಗಿ ಕರೆದರು.

ಅಳಿದುಳಿದ ಹೋಳಿಗೆಗಳನ್ನು ಡಬ್ಬಿಗೆ ತುಂಬಿಕೊಂಡು ಬಂದು ಮನೆಯೊಡತಿಗೆ ಒಯ್ದೆ. ಅವರಿಗೀಗ ಎಂಬತ್ತೈದು. ಒಂದನ್ನು ಹದಿನಾರು ಚೂರು ಮಾಡಿ, ಪ್ರತಿ ಚೂರಿಗೂ ‘ಓಯಿಶಿ’ ಎನ್ನುತ್ತಾ, ಚೆನ್ನಾಗಿದೆ ಎಂದು ಕಣ್ಣು ಮುಚ್ಚಿ ತಿಂದರು. ಇನ್ನೊಂದು ಹಾಕಲೇ ಎಂದು ಕೇಳಿದೆ. ಅವರು ತಲೆ ಓರೆ ಮಾಡಿ, ಹುಬ್ಬು ಕೂಡಿಸಿ, “ಚೊತ್ತೋ…” ಎಂದರು.

ಅರ್ಥವಾಗಲಿಲ್ಲವೆಂದಲ್ಲ. ಆದರೆ ಕೈ ಆಗ ಚಿಕ್ಕಮ್ಮನದಾಗಿತ್ತು, ಎರಡು ಹಾಕಿಬಿಟ್ಟೆ.

ಬೆಳಿಗ್ಗೆ ಬಾಗಿಲಲ್ಲಿ ತೊಳೆದ ಡಬ್ಬಿ, ಅದರ ತುಂಬ ಕುರಿ, ಮೇಲೊಂದು ಚೀಟಿ: “ಚಳಿ ಹತ್ತಿರವಾಗುತ್ತಿದೆ. ವಯಸ್ಸಾದವರ ಹೊಟ್ಟೆ ಬಹಳ ಚಿಕ್ಕದೇನೋ ಎಂದು ಅನ್ನಿಸಿತು. ನಾನು ಮೊದಲೇ ಸರಿಯಾಗಿ ವಿವರಿಸಲಿಲ್ಲ, ಕ್ಷಮಿಸಿ.”