ಚುರುಕು ನಗರದಲ್ಲಿ ಒಂದು ಮೊಣಕಾಲು

ನಮ್ಮ ಬಡಾವಣೆಯ ರಸ್ತೆಯನ್ನು ಮತ್ತೆ ಅಗೆದಿದ್ದಾರೆ. ಈ ಬಾರಿ ಅಗೆದವರು ನೀರಿನವರೋ ಕೇಬಲ್ಲಿನವರೋ ತಿಳಿಯಲಿಲ್ಲ. ತಿಳಿಯುವ ಮೊದಲೇ ನಾನು ಸ್ಕೂಟರಿನ ಸಮೇತ ಜಲ್ಲಿಯ ಮೇಲೆ ಮಲಗಿದ್ದೆ. ತಲೆಯೆತ್ತಿ ನೋಡಿದರೆ ಎದುರಿನ ಫಲಕದಲ್ಲಿ ‘ಸ್ಮಾರ್ಟ್’ ಎಂಬ ಪದ ಧೂಳಿನ ನಡುವೆಯೂ ಹೊಳೆಯುತ್ತಿತ್ತು.

2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ನಗರಗಳ ಪಟ್ಟಿಯಲ್ಲಿ ದಾವಣಗೆರೆ ಸೇರಿದಾಗ ಕರ್ನಾಟಕದಿಂದ ಜೊತೆಗಿದ್ದದ್ದು ಬೆಳಗಾವಿಯೊಂದೇ ಎಂದು ನಾವೆಲ್ಲ ಬೀಗಿದ್ದು ನಿಜ. ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ವಿಶೇಷಣ ಮಾತ್ರ ಊರಿಗೆ ಅಂಟಿಕೊಂಡಿದೆ. ಆದರೆ ಆ ಪದವನ್ನು ಆರಿಸಿದವರ ಪಾಂಡಿತ್ಯವನ್ನು ಮೆಚ್ಚಲೇಬೇಕು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅದಕ್ಕಿದ್ದ ಅರ್ಥ ಉರಿ, ನೋವು. ಗಾಯದ ಉರಿಯಿಂದ ಅದು ಚುಚ್ಚುವ ಮಾತಿಗೆ, ಅಲ್ಲಿಂದ ಚೂಟಿ ಬುದ್ಧಿಗೆ, ಆಮೇಲೆ ಇಸ್ತ್ರಿ ಮಾಡಿದ ಅಂಗಿಗೆ ದಾಟಿ, 1970ರ ದಶಕದಲ್ಲಿ ಬಾಂಬಿಗೂ ಬಳಿಕ ಫೋನಿಗೂ ಬಂದು, ಕೊನೆಗೆ ನಮ್ಮ ಚರಂಡಿಯ ಕಾಮಗಾರಿಯವರೆಗೆ ತಲುಪಿದೆ. ಕನ್ನಡದ ‘ಚುರುಕು’ ಕೂಡ ಇದೇ ಜಾಡಿನದು: ಹುಡುಗ ಚುರುಕು, ಬಿಸಿಲೂ ಚುರುಕು, ಚುರುಕು ಮುಟ್ಟಿಸುವುದಂತೂ ಹೇಳಬೇಕಾಗಿಯೇ ಇಲ್ಲ. ಮೊದಲೇ ‘ಚುರುಕು ನಗರ’ ಎಂದು ಬರೆದಿದ್ದರೆ, ಯಾವ ಅರ್ಥದಲ್ಲಿ ಎಂದು ನಾವು ಅಂದೇ ಕೇಳಿಬಿಡುತ್ತಿದ್ದೆವು.

ಪದವನ್ನು ಹೇಗೆ ಬಳಸಬೇಕೆಂಬುದನ್ನು ನಮ್ಮೂರಿನ ದೋಸೆ ಹೋಟೆಲಿನವರಿಂದ ಕಲಿಯಬೇಕು. ಖಾಲಿ ದೋಸೆ ಕೇಳಿದವನಿಗೆ ಖಾಲಿ ತಟ್ಟೆ ಬರುವುದಿಲ್ಲ. ಪಲ್ಯವಿಲ್ಲ ಎಂಬಷ್ಟೇ ಅದರ ಅರ್ಥವೆಂದು ಮಗುವಿಗೂ ಗೊತ್ತು. ಓಪನ್ ದೋಸೆ ಎಂದರೆ ಮಡಿಸದ ದೋಸೆಯೇ ಹೊರತು ಗುಂಡಿಯಲ್ಲ. ಕಾವಲಿಯ ಮೇಲೆ ಬೆಣ್ಣೆ ಕರಗಿ ಅಂಚು ಕೆಂಪಾಗುವುದನ್ನು ನಿಂತು ನೋಡುವ ಗಿರಾಕಿ ಅದಕ್ಕೆ ಬಿರುದು ಕೇಳುವುದಿಲ್ಲ, ಹಾಗೆಯೇ ಯಾವ ಹೋಟೆಲಿನವರೂ ಇದುವರೆಗೆ ‘ಸ್ಮಾರ್ಟ್ ದೋಸೆ’ ಎಂದು ಫಲಕ ಹಾಕಿದ್ದನ್ನು ನಾನು ಕಂಡಿಲ್ಲ.

ಹೊಗಳಿದ್ದು ಸಾಕು. ಅಗೆದದ್ದನ್ನು ಮುಚ್ಚಿರಿ, ಕತ್ತಲಾದ ಮೇಲೆ ಗುಂಡಿಯ ಬಳಿ ಒಂದು ಕೆಂಪು ದೀಪವಾದರೂ ಇಡಿರಿ ಎಂದು ಕೇಳುವುದಕ್ಕೆ ಇಂಗ್ಲಿಷ್ ನಿಘಂಟು ಬೇಕಾಗಿಲ್ಲ. ಎಪ್ಪತ್ತು ದಾಟಿದವರು ಹಾಲಿಗೆಂದು ಹೊರಟು ಆ ಮಣ್ಣಿನ ದಿಬ್ಬವನ್ನು ಗೋಡೆ ಹಿಡಿದು ದಾಟುವುದನ್ನು ದಿನವೂ ನೋಡಿ ನನಗೆ ನಗು ಬರುವುದು ನಿಂತಿದೆ.

ದವಾಖಾನೆಯ ಕಾಂಪೌಂಡರು ಮೊಣಕಾಲಿನೊಳಗಿದ್ದ ಜಲ್ಲಿಪುಡಿಯನ್ನು ಹತ್ತಿಯಿಂದ ಒರೆಸಿ, ಕಂದು ಬಣ್ಣದ ಔಷಧಿ ಸುರಿಯುವ ಮುನ್ನ ಎಚ್ಚರಿಸಿದರು: “ಸ್ವಲ್ಪ ಚುರ್ ಅಂತೈತಿ, ತಡ್ಕಳ್ರಿ.” ಯಾವ ರಸ್ತೆಯೆಂದು ಅವರು ಕೇಳಲಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ಹುಡುಗನ ಮೊಣಕೈಯನ್ನೊಮ್ಮೆ ನೋಡಿ, ಸೀಸೆಗೆ ಮುಚ್ಚಳ ಹಾಕದೆ ಹಾಗೆಯೇ ಇಟ್ಟರು.